ಒಗರಿನ ಹದ: ಗಿಡಮರಗಳ ಸೊಪ್ಪು ಮತ್ತು ಜಾನುವಾರುಗಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು

12ನೆಯ ಶತಮಾನದ ಶರಣ ಸಮೂಹದಲ್ಲಿ ತುರು ಕಾಯುವ ಕಾಯಕದ ರಾಮಣ್ಣನವರಿದ್ದರು. ಕುರಿ ಕಾಯುವ ಕಾಯಕದ ವೀರಗೊಲ್ಲಾಳರಿದ್ದರು. ಚರ್ಮವನ್ನು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನವರಿದ್ದರು. ಲೋಕವು ದೂರವಿಟ್ಟಿದ್ದ ಕಾಯಕಗಳನ್ನು ಶರಣರು ಹತ್ತಿರಕ್ಕೆ ಕರೆದು, ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ಸಾರಿದರು. ಇಂದು ನಾವು ಆಲೋಚಿಸಲಿರುವ ವಿಷಯವು ಈ ಕಾಯಕಗಳೆರಡನ್ನೂ, ಅಂದರೆ ಮೇಯಿಸುವುದನ್ನೂ ತೊಗಲು ಹದಮಾಡುವುದನ್ನೂ, ಒಂದೇ ಎಳೆಯಲ್ಲಿ ಜೋಡಿಸುವಂಥದು. ತೊಗಲನ್ನು ಹದಗೊಳಿಸುವ ಪದಾರ್ಥ ಯಾವುದೋ ಅದೇ ಪದಾರ್ಥವು ಜಾಲಿಯ ಸೊಪ್ಪಿನಲ್ಲಿ, ಹುಣಸೆಯ ಚಿಗುರಿನಲ್ಲಿ, ಬನ್ನಿಯ ಎಲೆಯಲ್ಲಿ ಇದ್ದು, ನಮ್ಮ ಆಡು ಕುರಿ ದನಕರುಗಳ ಹೊಟ್ಟೆಯನ್ನು ದಿನವೂ ಸೇರುತ್ತದೆ. ಅದರ ಹೆಸರು ಟ್ಯಾನಿನ್.

ಮಳೆ ಕೈಕೊಟ್ಟ ವರ್ಷಗಳಲ್ಲಿ ಕಣಿಕೆ ತೀರಿ, ಹಿಂಡಿಯ ಬೆಲೆ ಏರಿದಾಗ ರೈತನ ಕಣ್ಣು ಬದುವಿನ ಮರಗಳ ಕಡೆಗೆ ಹೊರಳುತ್ತದೆ. ಆಗ ಊರಿನಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಜಾಲಿಯ ಸೊಪ್ಪು ತಿಂದ ಆಡು ಚೆನ್ನಾಗಿ ಮೈಗೂಡುತ್ತದೆಂದು ಒಬ್ಬರು ಹೇಳುತ್ತಾರೆ. ಅದನ್ನೇ ತಿಂದು ಜಾನುವಾರು ಸೊರಗಿತೆಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತೂ ಸತ್ಯ. ಎರಡೂ ಹೇಗೆ ಸತ್ಯವಾಗುತ್ತವೆಂಬುದನ್ನು ಅರಿಯಬೇಕಾದರೆ ಮರವನ್ನು ಮಾತ್ರ ನೋಡಿದರೆ ಸಾಲದು. ಪ್ರಾಣಿಯ ಹೊಟ್ಟೆಯೊಳಗೆ ವಾಸಿಸುವ, ಕಣ್ಣಿಗೆ ಕಾಣದ ಜೀವಿಗಳನ್ನೂ ಅರಿಯಬೇಕು.

ಒಗರು ಎಂದರೇನು?

ಕನ್ನಡದಲ್ಲಿ ಈ ಪದಾರ್ಥದ ರುಚಿಗೆ ಬಹಳ ಹಿಂದಿನಿಂದಲೂ ಒಂದು ಮಾತಿದೆ: ಒಗರು. ಎಳೆಯ ಅಡಿಕೆ, ಬಾಳೆಯ ಕಾಯಿ, ನೇರಳೆ ಹಣ್ಣು, ಅಳಲೆಕಾಯಿ ಇವುಗಳನ್ನು ಅಗಿದಾಗ ನಾಲಿಗೆ ದಡ್ಡುಗಟ್ಟಿ ಬಾಯಿ ಒಣಗಿದಂತಾಗುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದು ಗಂಟುಕಟ್ಟುವುದರಿಂದ ಬಾಯಿಯ ಜಾರುಗುಣ ಹೋಗಿ ನಮಗೆ ಆ ಅನುಭವವಾಗುತ್ತದೆ. ಹಾಲು ಹಾಕದ ಚಹಾ ಒಗರಾಗಿರುತ್ತದೆ, ಹಾಲು ಬೆರೆಸಿದೊಡನೆ ಒಗರು ತಗ್ಗುತ್ತದೆ. ಚಹಾದ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನು ಬಿಟ್ಟು ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ.

ಪ್ರೋಟೀನನ್ನು ಹಿಡಿದುಕೊಳ್ಳುವುದೇ ಟ್ಯಾನಿನ್ನಿನ ಮೂಲ ಗುಣ. ಹಸಿ ತೊಗಲು ಬಹುಮಟ್ಟಿಗೆ ಪ್ರೋಟೀನೇ ಆಗಿರುವುದರಿಂದ ಬೇಗನೆ ಕೊಳೆಯುತ್ತದೆ. ತಂಗಡಿಯ ತೊಗಟೆ, ಜಾಲಿಯ ಚಕ್ಕೆ, ಅಳಲೆಕಾಯಿ ಇವುಗಳ ರಸದಲ್ಲಿ ನೆನೆಸಿದಾಗ ಟ್ಯಾನಿನ್ ಆ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಕೊಳೆಸಲಾರವು. ತೊಗಲು ಬಾಳಿಕೆ ಬರುವ ಚರ್ಮವಾಗುತ್ತದೆ. ಟ್ಯಾನಿನ್ ಎಂಬ ಹೆಸರು ಬಂದುದೂ ಚರ್ಮ ಹದಮಾಡುವ ಈ ಕಾಯಕದಿಂದಲೇ.

ಮರಕ್ಕೆ ಇದರಿಂದ ಏನು ಪ್ರಯೋಜನ? ಓಡಿಹೋಗಲಾರದ ಗಿಡಮರಗಳಿಗೆ ಒಗರು ಒಂದು ರಕ್ಷಣೆ. ಮುಳ್ಳು ಹೊರಗಿನ ಬೇಲಿಯಾದರೆ ಟ್ಯಾನಿನ್ ಒಳಗಿನ ಬೇಲಿ. ಎಲೆಯನ್ನು ತಿನ್ನುವ ಹುಳಕ್ಕೂ ಪ್ರಾಣಿಗೂ ಶಿಲೀಂಧ್ರಕ್ಕೂ ಅದು ಅಡ್ಡಿಯೊಡ್ಡುತ್ತದೆ.

ಟ್ಯಾನಿನ್ನಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಸಾಂದ್ರ ಟ್ಯಾನಿನ್. ತಂಗಡಿಯ ತೊಗಟೆಯಲ್ಲಿಯೂ ಹುಣಸೆ ಬೀಜದ ಸಿಪ್ಪೆಯಲ್ಲಿಯೂ ಇರುವುದು ಹೆಚ್ಚಾಗಿ ಇದೇ. ಇದು ಸುಲಭವಾಗಿ ಒಡೆಯುವುದಿಲ್ಲ. ರಕ್ತವನ್ನು ಸೇರದೆ ಬಹುಮಟ್ಟಿಗೆ ಕರುಳಿನಲ್ಲಿಯೇ ಉಳಿಯುತ್ತದೆ. ಇನ್ನೊಂದು, ನೀರಿನೊಡನೆ ಸೇರಿ ಒಡೆಯುವ ಟ್ಯಾನಿನ್. ಅಳಲೆಕಾಯಿಯಲ್ಲಿಯೂ ಹಿಮಾಲಯದ ಓಕ್ ಮರಗಳಲ್ಲಿಯೂ ಇದು ಹೇರಳ. ಇದು ಹೊಟ್ಟೆಯಲ್ಲಿ ಸಣ್ಣ ಸಣ್ಣ ಅಂಶಗಳಾಗಿ ಒಡೆದು ರಕ್ತಕ್ಕೆ ಸೇರಬಲ್ಲದು. ಅತಿಯಾದರೆ ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿಮಾಡಬಲ್ಲದು. ಅನೇಕ ಮರಗಳಲ್ಲಿ ಎರಡೂ ಬೆರೆತಿರುತ್ತವೆ.

ಹೊಟ್ಟೆಯೊಳಗಿನ ದಾಸೋಹ

ಹಸುವಾಗಲಿ ಕುರಿಯಾಗಲಿ ಹುಲ್ಲನ್ನು ತಾನೇ ಜೀರ್ಣಿಸಲಾರದು. ಹುಲ್ಲಿನ ನಾರನ್ನು ಒಡೆಯುವ ಕಿಣ್ವವನ್ನು ಅದರ ದೇಹವು ತಯಾರಿಸುವುದಿಲ್ಲ. ಆ ಕೆಲಸವನ್ನು ನಡೆಸುವವರು ಅದರ ಮೊದಲ ಹೊಟ್ಟೆಯಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು. ಮೆಲುಕು ಹಾಕುವ ಪ್ರಾಣಿಗಳಲ್ಲಿ ಹೊಟ್ಟೆಗೆ ನಾಲ್ಕು ಭಾಗಗಳು. ಮೊದಲನೆಯ ಹಾಗೂ ಅತಿ ದೊಡ್ಡ ಭಾಗಕ್ಕೆ ರೂಮೆನ್ ಎಂದು ಹೆಸರು. ಬೆಳೆದ ಹಸುವಿನಲ್ಲಿ ಅದು ನೂರು ಲೀಟರಿಗೂ ಮಿಕ್ಕಿದ ದೊಡ್ಡ ಹಂಡೆಯಂತಿರುತ್ತದೆ. ಒಳಗೆ ಗಾಳಿಯ ಆಮ್ಲಜನಕವಿಲ್ಲ, ಸದಾ ಬೆಚ್ಚಗೆ, ಸದಾ ತೇವ.

ಆ ಹಂಡೆಯ ಒಂದೊಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಗೂ ಮಿಕ್ಕಿದ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳೊಡನೆ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳು, ನಾರಿನೊಳಗೆ ಬೇರಿಳಿಸುವ ಶಿಲೀಂಧ್ರಗಳು, ಮೀಥೇನ್ ಅನಿಲವನ್ನು ಉಂಟುಮಾಡುವ ಆರ್ಕಿಯಾಗಳು ಇವೆ. ರೂಮೆನ್ನಿನಲ್ಲಿ ಪ್ರೋಟೋಜೋವಾಗಳಿವೆಯೆಂಬುದು 1843ರಲ್ಲಿಯೇ ತಿಳಿದುಬಂದಿತ್ತು. ಆಮ್ಲಜನಕವಿಲ್ಲದೆ ಬದುಕುವ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಕ್ರಮವನ್ನು ಅಮೆರಿಕದ ರಾಬರ್ಟ್ ಹಂಗೇಟ್ ರೂಪಿಸಿದರು. 1966ರಲ್ಲಿ ಪ್ರಕಟವಾದ ಅವರ ಗ್ರಂಥವು ಇಂದಿಗೂ ಈ ಶಾಸ್ತ್ರದ ಆಧಾರಗ್ರಂಥಗಳಲ್ಲೊಂದು.

ಈ ಜೀವಿಗಳಿಗೂ ಹಸುವಿಗೂ ನಡುವೆ ಕೊಡುಕೊಳ್ಳುವ ಸಂಬಂಧವಿದೆ. ಹಸು ಮೇವನ್ನೂ ನೆಲೆಯನ್ನೂ ಕೊಡುತ್ತದೆ. ಜೀವಿಗಳು ನಾರನ್ನು ಹುದುಗಿಸಿ ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಇವುಗಳಿಂದ. ಕೊನೆಗೆ ಆ ಜೀವಿಗಳೇ ಮೇವಿನೊಡನೆ ಮುಂದಿನ ಹೊಟ್ಟೆಗೆ ಹರಿದು, ಅಲ್ಲಿ ಜೀರ್ಣವಾಗಿ, ಹಸುವಿಗೆ ಪ್ರೋಟೀನಾಗಿ ಒದಗುತ್ತವೆ. ಹಸುವಿಗೆ ದೊರೆಯುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಇವುಗಳ ದೇಹದಿಂದಲೇ ಬರುತ್ತದೆ. ಪಡೆದುದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಮರಳಿ ಸಲ್ಲಿಸುವ ಈ ನಡೆಯನ್ನು ದಾಸೋಹದ ಪರಿಭಾಷೆಯಲ್ಲಿ ಹೇಳಿದರೆ ನಮ್ಮ ಭಕ್ತರಿಗೆ ಬೇಗನೆ ಮನದಟ್ಟಾದೀತು. ದನಕರುಗಳನ್ನು ಸಾಕುವುದೆಂದರೆ ನಿಜವಾಗಿ ಈ ಜೀವಿಗಳನ್ನು ಸಾಕುವುದೇ ಆಗಿದೆ. ನಾವು ಉಣಿಸುವುದು ಮೊದಲು ಅವುಗಳಿಗೆ, ಆಮೇಲೆ ಹಸುವಿಗೆ.

ಒಗರು ಮಿತಿಮೀರಿದಾಗ

ಟ್ಯಾನಿನ್ ತುಂಬಿದ ಸೊಪ್ಪು ರೂಮೆನ್ನನ್ನು ಸೇರಿದಾಗ ಮೂರು ಬಗೆಯ ಪರಿಣಾಮಗಳಾಗುತ್ತವೆ. ಮೊದಲನೆಯದಾಗಿ, ಅದು ಮೇವಿನ ಪ್ರೋಟೀನಿಗೆ ಅಂಟಿಕೊಂಡು ಸೂಕ್ಷ್ಮಜೀವಿಗಳ ಕೈಗೆ ಸಿಗದಂತೆ ಮಾಡುತ್ತದೆ. ಎರಡನೆಯದಾಗಿ, ನಾರನ್ನು ಒಡೆಯಲು ಜೀವಿಗಳು ಹೊರಬಿಡುವ ಕಿಣ್ವಗಳೂ ಪ್ರೋಟೀನುಗಳೇ ಆಗಿರುವುದರಿಂದ ಅವುಗಳನ್ನೂ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಮೂರನೆಯದಾಗಿ, ಜೀವಿಗಳ ಹೊರಪೊರೆಗೇ ಅಂಟಿಕೊಳ್ಳುತ್ತದೆ. ಕಬ್ಬಿಣದಂತಹ ಖನಿಜಗಳನ್ನೂ ಹಿಡಿದಿಟ್ಟುಕೊಂಡು ಅವುಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ಎಲ್ಲ ಜೀವಿಗಳೂ ಸಮನಾಗಿ ಬಳಲುವುದಿಲ್ಲ. ನಾರನ್ನು ಒಡೆಯುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಹೆಚ್ಚು ಸೂಕ್ಷ್ಮ. ಪ್ರೆವೊಟೆಲ್ಲಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಹೆಚ್ಚು ತಾಳಿಕೊಳ್ಳುತ್ತವೆ. ಆದುದರಿಂದ ಒಗರು ಅತಿಯಾದಾಗ ಹೊಟ್ಟೆಯೊಳಗಿನ ಸಮುದಾಯದ ರಚನೆಯೇ ಬದಲಾಗುತ್ತದೆ: ನಾರು ಒಡೆಯುವವರ ಬಲ ಕುಗ್ಗಿ, ತಾಳಿಕೊಳ್ಳುವವರು ಉಳಿಯುತ್ತಾರೆ. ಹೊಟ್ಟೆ ತುಂಬ ಮೇವಿದ್ದರೂ ಅದು ಕರಗದೆ ನಿಲ್ಲುತ್ತದೆ. ಪ್ರಾಣಿಯು ಮೇವನ್ನು ಬಿಡುತ್ತದೆ, ಸೊರಗುತ್ತದೆ. ಬರದಲ್ಲಿ ಸೊಪ್ಪಿನ ರಾಶಿಯ ಮುಂದೆಯೇ ಆಡು ಬಡಕಲಾಗುವುದರ ಹಿಂದಿನ ಕಾರಣ ಹಲವು ಬಾರಿ ಇದೇ.

ಉತ್ತರದಲ್ಲಿ ಹಿಮಾಲಯದ ತಪ್ಪಲಿನ ರೈತರು ಚಳಿಗಾಲದಲ್ಲಿ ಓಕ್ ಸೊಪ್ಪನ್ನು ಕಡಿದು ದನಗಳಿಗೆ ಹಾಕುವುದು ರೂಢಿ. ಬಲಿತ ಎಲೆಯನ್ನು ಬೇರೆ ಮೇವಿನೊಡನೆ ಕೊಟ್ಟಾಗ ಅದು ಆಪತ್ಕಾಲದ ಬಂಧು. ಬೇರೇನೂ ಇಲ್ಲದೆ ಎಳೆಯ ಎಲೆಯನ್ನೇ ಹೊಟ್ಟೆ ತುಂಬ ತಿಂದಾಗ ದನಗಳಿಗೆ ವಿಷವೇರುತ್ತದೆ. ಮೊದಲು ಮಲಬದ್ಧತೆ, ಬಳಿಕ ರಕ್ತಮಿಶ್ರಿತ ಭೇದಿ, ಕೊನೆಗೆ ಮೂತ್ರಪಿಂಡದ ವೈಫಲ್ಯ. ಮರ ಒಂದೇ, ದನ ಒಂದೇ. ಬೇರೆಯಾದುದು ಪ್ರಮಾಣ ಮತ್ತು ಕಾಲ.

ಒಗರು ಹದವಾಗಿದ್ದಾಗ

ಇನ್ನು ಒಳಿತಿನ ಕಡೆಯನ್ನು ನೋಡೋಣ. ಶೇಂಗಾ ಹಿಂಡಿಯಂತಹ ಉತ್ತಮ ಆಹಾರವನ್ನು ಹಸುವಿಗೆ ಕೊಟ್ಟಾಗ ಅದರ ಪ್ರೋಟೀನಿನ ಹೆಚ್ಚಿನ ಪಾಲು ರೂಮೆನ್ನಿನಲ್ಲಿಯೇ ಒಡೆದು ಅಮೋನಿಯಾ ಆಗುತ್ತದೆ. ಸೂಕ್ಷ್ಮಜೀವಿಗಳು ಅದರಲ್ಲಿ ತಮಗೆ ಬೇಕಾದಷ್ಟನ್ನು ಬಳಸಿಕೊಳ್ಳುತ್ತವೆ. ಉಳಿದುದು ರಕ್ತದ ಮೂಲಕ ಮೂತ್ರವನ್ನು ಸೇರಿ ನಷ್ಟವಾಗುತ್ತದೆ. ದುಡ್ಡು ಕೊಟ್ಟು ತಂದ ಹಿಂಡಿ ಗಂಜಲದಲ್ಲಿ ಹರಿದುಹೋಗುವುದೆಂದರೆ ಇದೇ.

ಸಾಂದ್ರ ಟ್ಯಾನಿನ್ ಹದವಾಗಿ ಬೆರೆತಿದ್ದರೆ ಪರಿಸ್ಥಿತಿ ಬದಲಾಗುತ್ತದೆ. ರೂಮೆನ್ನಿನ ರಸವು ಹೆಚ್ಚು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂತಹ ಸ್ಥಿತಿಯಲ್ಲಿ ಟ್ಯಾನಿನ್ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಾಲ್ಕನೆಯ ಹೊಟ್ಟೆಯಲ್ಲಿ ಬಲವಾದ ಆಮ್ಲವಿದೆ. ಅಲ್ಲಿ ಆ ಹಿಡಿತ ಸಡಿಲವಾಗಿ ಪ್ರೋಟೀನು ಬಿಡುಗಡೆ ಹೊಂದುತ್ತದೆ. ಹೀಗೆ ರೂಮೆನ್ನಿನಲ್ಲಿ ನಷ್ಟವಾಗಬಹುದಾಗಿದ್ದ ಪ್ರೋಟೀನಿನ ಒಂದು ಪಾಲು ಸುರಕ್ಷಿತವಾಗಿ ಮುಂದೆ ಸಾಗಿ, ಸಣ್ಣ ಕರುಳಿನಲ್ಲಿ ಪ್ರಾಣಿಗೆ ನೇರವಾಗಿ ದಕ್ಕುತ್ತದೆ. ಹಾಲಿಗೂ ಉಣ್ಣೆಗೂ ಮೈಬೆಳವಣಿಗೆಗೂ ಇದರಿಂದ ಅನುಕೂಲ.

ಎರಡನೆಯ ಪ್ರಯೋಜನ, ಹೊಟ್ಟೆಯುಬ್ಬರದ ತಡೆ. ಎಳೆಯ ಲೂಸರ್ನ್ ಸೊಪ್ಪನ್ನು ಹೆಚ್ಚಾಗಿ ತಿಂದಾಗ ಅದರಲ್ಲಿ ಕರಗುವ ಪ್ರೋಟೀನು ನೊರೆಯಾಗಿ, ಅನಿಲ ಹೊರಬರಲಾಗದೆ ಹೊಟ್ಟೆ ಉಬ್ಬುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವುದೂ ಉಂಟು. ಟ್ಯಾನಿನ್ ಇರುವ ದ್ವಿದಳ ಮೇವುಗಳಲ್ಲಿ ಆ ಪ್ರೋಟೀನು ಮೊದಲೇ ಬಂಧಿತವಾಗುವುದರಿಂದ ನೊರೆ ನಿಲ್ಲುವುದಿಲ್ಲ.

ಮೂರನೆಯದು, ಜಂತುಹುಳುಗಳ ಹತೋಟಿ. ಕುರಿ ಆಡುಗಳ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹೀಮಾಂಕಸ್ ಎಂಬ ಹುಳುವು ಮಳೆಗಾಲದಲ್ಲಿ ಹಿಂಡುಗಳನ್ನೇ ಬಳಲಿಸುತ್ತದೆ. ಒಂದೇ ಔಷಧವನ್ನು ಮತ್ತೆ ಮತ್ತೆ ಕುಡಿಸಿದುದರಿಂದ ಹಲವೆಡೆ ಆ ಹುಳುಗಳು ಔಷಧಕ್ಕೆ ಜಗ್ಗದಂತಾಗಿವೆ. ಸಾಂದ್ರ ಟ್ಯಾನಿನ್ ಇರುವ ಮೇವನ್ನು ತಿಂದ ಕುರಿ ಆಡುಗಳ ಹಿಕ್ಕೆಯಲ್ಲಿ ಈ ಹುಳುವಿನ ಮೊಟ್ಟೆಗಳು ಕಡಿಮೆಯಾಗುವುದನ್ನು ಅನೇಕ ದೇಶಗಳ ಪ್ರಯೋಗಗಳು ತೋರಿಸಿವೆ. ಟ್ಯಾನಿನ್ ಹುಳುವನ್ನು ನೇರವಾಗಿ ಬಾಧಿಸುವುದೂ, ಹೆಚ್ಚು ಪ್ರೋಟೀನು ದಕ್ಕಿದ ಕುರಿಯು ಹುಳುವಿನ ಎದುರು ಗಟ್ಟಿಯಾಗಿ ನಿಲ್ಲುವುದೂ ಇದಕ್ಕೆ ಕಾರಣಗಳು. ಔಷಧವನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ; ಔಷಧದ ಮೇಲಿನ ಅವಲಂಬನೆ ತಗ್ಗಬಹುದೆಂದು ಮಾತ್ರ ಅರ್ಥ.

ಹಾಗಾದರೆ ಹದ ಎಷ್ಟು? ಸಂಶೋಧಕರು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ದಿನದ ಒಟ್ಟು ಮೇವಿನ ಒಣತೂಕದಲ್ಲಿ ಸಾಂದ್ರ ಟ್ಯಾನಿನ್ ಶೇ. 2ರಿಂದ 4ರಷ್ಟಿದ್ದರೆ ಪ್ರಯೋಜನ, ಶೇ. 5ನ್ನು ದಾಟಿದರೆ ಮೇವು ತಿನ್ನುವುದೂ ಅದು ಜೀರ್ಣವಾಗುವುದೂ ಕುಗ್ಗತೊಡಗುತ್ತದೆ. ಮರದ ಜಾತಿ, ಟ್ಯಾನಿನ್ನಿನ ರಚನೆ, ಪ್ರಾಣಿಯ ಬಗೆ ಇವುಗಳಿಗನುಸಾರ ಈ ಗಡಿ ಹಿಂದೆ ಮುಂದೆ ಸರಿಯುತ್ತದೆ. ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದು ಮರದ ಸೊಪ್ಪಿನಲ್ಲಿ ಶೇ. 9ರಷ್ಟು ಟ್ಯಾನಿನ್ ಇದೆಯೆಂದು ಭಾವಿಸೋಣ. ಆಡು ಅದನ್ನೊಂದನ್ನೇ ತಿಂದರೆ ಅದರ ಮೇವಿನ ಟ್ಯಾನಿನ್ ಶೇ. 9, ಗಡಿಯನ್ನು ಬಹಳ ದಾಟಿತು. ಅದೇ ಸೊಪ್ಪು ದಿನದ ಮೇವಿನ ಮೂರರಲ್ಲೊಂದು ಪಾಲು ಮಾತ್ರವಾಗಿದ್ದು, ಉಳಿದುದು ಒಗರಿಲ್ಲದ ಹುಲ್ಲು ಕಣಿಕೆಯಾಗಿದ್ದರೆ ಟ್ಯಾನಿನ್ ಶೇ. 3, ಹದದೊಳಗೆ ಬಂದಿತು. ಊರಿನ ಆ ಎರಡು ಮಾತುಗಳೂ ಸತ್ಯವಾಗುವುದು ಹೀಗೆ.

ಸೂಕ್ಷ್ಮಜೀವಿಗಳು ಒಗ್ಗಿಕೊಳ್ಳುವ ಬಗೆ

ಹದವು ಪ್ರಮಾಣದ ಮಾತು ಮಾತ್ರವಲ್ಲ, ಕಾಲದ ಮಾತೂ ಹೌದು. ಹೊಟ್ಟೆಯೊಳಗಿನ ಸಮುದಾಯಕ್ಕೆ ಸಾವಕಾಶ ಸಿಕ್ಕರೆ ಅದು ಒಗರಿಗೆ ಒಗ್ಗಿಕೊಳ್ಳುತ್ತದೆ. 1994ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಒಂದು ಸಂಗತಿಯನ್ನು ವರದಿಮಾಡಿದರು. ಟ್ಯಾನಿನ್ ಹೇರಳವಾಗಿರುವ ಜಾಲಿ ಕುಲದ ಮರಗಳ ಎಲೆಯನ್ನೇ ಮೇಯುತ್ತಿದ್ದ ಕಾಡುಬಿದ್ದ ಆಡುಗಳ ರೂಮೆನ್ನಿನಲ್ಲಿ, ಟ್ಯಾನಿನ್ನಿನ ನಡುವೆಯೂ ಬೆಳೆಯಬಲ್ಲ ಸ್ಟ್ರೆಪ್ಟೋಕಾಕಸ್ ಜಾತಿಯ ಬ್ಯಾಕ್ಟೀರಿಯಾವೊಂದು ಅವರಿಗೆ ದೊರೆಯಿತು. ಇಂತಹ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯ ಕವಚವನ್ನು ಕಟ್ಟಿಕೊಂಡು ಟ್ಯಾನಿನ್ನನ್ನು ಹೊರಗೆ ತಡೆಯುತ್ತವೆ. ಕೆಲವು ಟ್ಯಾನೇಸ್ ಎಂಬ ಕಿಣ್ವದಿಂದ ನೀರಿನೊಡನೆ ಒಡೆಯುವ ಟ್ಯಾನಿನ್ನನ್ನು ಬಿಡಿಸಬಲ್ಲವು.

ಟ್ಯಾನಿನ್ನಿನದಲ್ಲದಿದ್ದರೂ ಇದೇ ಪಾಠವನ್ನು ಹೇಳುವ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ನಮ್ಮ ಹೊಲಗಳ ಬದುವಿನಲ್ಲಿಯೂ ಬೆಳೆಯುವ ಸುಬಾಬುಲ್ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷವಸ್ತುವಿದೆ. ಅದನ್ನು ಹೆಚ್ಚಾಗಿ ತಿಂದ ಜಾನುವಾರುಗಳಿಗೆ ಕೂದಲುದುರುವುದು, ಗಳಗಂಡ ಬರುವುದು ಆಸ್ಟ್ರೇಲಿಯಾದಲ್ಲಿ ಕಂಡುಬಂದಿತು. ಹವಾಯಿ ದ್ವೀಪದ ಆಡುಗಳು ಮಾತ್ರ ಅದೇ ಸೊಪ್ಪನ್ನು ತಿಂದು ಸುಖವಾಗಿದ್ದವು. ಕಾರಣವು ಆಡಿನ ದೇಹದಲ್ಲಿಲ್ಲ, ಅದರ ರೂಮೆನ್ನಿನ ಬ್ಯಾಕ್ಟೀರಿಯಾದಲ್ಲಿದೆಯೆಂದು ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಊಹಿಸಿದರು. 1980ರ ದಶಕದಲ್ಲಿ ಹವಾಯಿಯ ಆಡುಗಳ ರೂಮೆನ್ನಿನ ಬ್ಯಾಕ್ಟೀರಿಯಾಗಳನ್ನು ಆಸ್ಟ್ರೇಲಿಯಾದ ಜಾನುವಾರುಗಳಿಗೆ ಉಣಿಸಿದಾಗ ಅವುಗಳಿಗೂ ಆ ಸೊಪ್ಪು ದಕ್ಕತೊಡಗಿತು. ಹಾಲಿಗೆ ಹೆಪ್ಪು ಹಾಕಿದಂತೆ, ಒಂದು ಪ್ರಾಣಿಯ ಹೊಟ್ಟೆಯ ಬಲವು ಇನ್ನೊಂದಕ್ಕೆ ದಾಟಿತು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಜೋನ್ಸ್ ಅವರ ಹೆಸರನ್ನು ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ನಾಮಕರಣ ಮಾಡಲಾಯಿತು.

ಹಿಂಡಿನಲ್ಲಿ ಈ ಹೆಪ್ಪು ಸಹಜವಾಗಿಯೇ ದಾಟುತ್ತದೆ. ಹುಟ್ಟಿದ ಮರಿಯ ರೂಮೆನ್ನಿನಲ್ಲಿ ಈ ಸಮುದಾಯ ಇರುವುದಿಲ್ಲ. ತಾಯಿ ನೆಕ್ಕುವುದರಿಂದ, ಜೊಲ್ಲಿನಿಂದ, ಒಂದೇ ಗೋದಲೆಯ ಮೇವಿನಿಂದ ಅದು ಬರುತ್ತದೆ. ಹುಟ್ಟಿದೊಡನೆ ಬೇರ್ಪಡಿಸಿ ಒಂಟಿಯಾಗಿ ಬೆಳೆಸಿದ ಕರುವಿನ ಹೊಟ್ಟೆಯಲ್ಲಿ ಪ್ರೋಟೋಜೋವಾಗಳು ನೆಲೆಗೊಳ್ಳುವುದೇ ಇಲ್ಲ. ಸಂಗದಿಂದಲೇ ಬಲ ಬರುವುದೆಂಬ ಮಾತು ಮನುಷ್ಯರಿಗೆ ಮಾತ್ರ ಸಲ್ಲುವುದಲ್ಲ.

ಮೀಥೇನ್ ಮತ್ತು ಹುಣಸೆಯ ಸಿಪ್ಪೆ

ನಾರು ಹುದುಗುವಾಗ ಜಲಜನಕ ಹುಟ್ಟುತ್ತದೆ. ಆರ್ಕಿಯಾಗಳು ಅದನ್ನು ಇಂಗಾಲದ ಡೈಆಕ್ಸೈಡಿನೊಡನೆ ಸೇರಿಸಿ ಮೀಥೇನ್ ಆಗಿ ಮಾರ್ಪಡಿಸುತ್ತವೆ. ಹಸು ಅದನ್ನು ಬಹುಪಾಲು ತೇಗಿನ ಮೂಲಕ ಹೊರಹಾಕುತ್ತದೆ. ತಿಂದ ಮೇವಿನ ಶಕ್ತಿಯಲ್ಲಿ ಶೇ. 2ರಿಂದ 12ರವರೆಗೆ ಹೀಗೆ ಗಾಳಿಗೆ ಹೋಗುತ್ತದೆ. ಇದು ರೈತನಿಗೂ ನಷ್ಟ, ಭೂಮಿಗೂ ಭಾರ. ಏಕೆಂದರೆ ಮೀಥೇನ್ ಭೂಮಿಯ ತಾಪವನ್ನು ಏರಿಸುವ ಅನಿಲಗಳಲ್ಲಿ ಪ್ರಬಲವಾದುದು.

ಟ್ಯಾನಿನ್ ಈ ಆರ್ಕಿಯಾಗಳನ್ನೂ, ಅವುಗಳಿಗೆ ಆಸರೆಯಾಗುವ ಪ್ರೋಟೋಜೋವಾಗಳನ್ನೂ ತಗ್ಗಿಸಬಲ್ಲದು. ಈ ದಿಕ್ಕಿನಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಗಮನಾರ್ಹ ಕೆಲಸ ಮಾಡಿದೆ. ಹುಣಸೆ ಬೀಜದ ಸಿಪ್ಪೆಯ ಟ್ಯಾನಿನ್ನನ್ನು ಅಲ್ಲಿನ ವಿಜ್ಞಾನಿಗಳು ಪರೀಕ್ಷಿಸಿದರು. ಟ್ಯಾನಿನ್ ಇರುವ ಸಸ್ಯಮೂಲಗಳಿಂದ ಹರಿತ್ ಧಾರಾ ಎಂಬ ಪೂರಕ ಆಹಾರವನ್ನು ರೂಪಿಸಿದರು. ಅದರಿಂದ ಮೀಥೇನ್ ಶೇ. 17ರಿಂದ 20ರಷ್ಟು ತಗ್ಗುತ್ತದೆಂದು ಸಂಸ್ಥೆಯು ತಿಳಿಸಿದೆ. ನಮ್ಮ ನಾಡಿನ ಹುಣಸೆ ತೋಪುಗಳ ಉಳಿಕೆಯೊಂದು ಹೀಗೆ ಲೋಕೋಪಯೋಗಿಯಾಗುವುದು ಸಂತೋಷದ ವಿಷಯ. ಆದರೆ ಇಲ್ಲಿಯೂ ಹದ ತಪ್ಪಬಾರದು. ಟ್ಯಾನಿನ್ ಅತಿಯಾಗಿ ನಾರು ಕರಗುವುದೇ ನಿಂತರೆ ಮೀಥೇನ್ ತಗ್ಗುತ್ತದೆ ನಿಜ, ಜೊತೆಗೆ ಹಾಲೂ ತಗ್ಗುತ್ತದೆ. ಒಲೆಯನ್ನು ಆರಿಸಿ ಹೊಗೆ ಕಡಿಮೆಯಾಯಿತೆಂದು ಹೇಳಿದಂತಾಗುತ್ತದೆ. ಮೇವು ಜೀರ್ಣವಾಗುವುದು ಕುಂದದಂತೆ ಅನಿಲವನ್ನು ತಗ್ಗಿಸುವುದೇ ನಿಜವಾದ ಸಾಧನೆ.

ರೈತ ಭಕ್ತರು ಗಮನಿಸಬೇಕಾದ ಸಂಗತಿಗಳು

ಮೇಲಿನ ವಿವೇಚನೆಯಿಂದ ಹೊರಡುವ ಕೆಲವು ಆಚರಣೆಯ ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಒಂದು: ಯಾವುದೇ ಒಂದು ಮರದ ಸೊಪ್ಪನ್ನೇ ಪೂರ್ಣ ಮೇವಾಗಿ ಕೊಡಬಾರದು. ಒಗರಿನ ಸೊಪ್ಪು ದಿನದ ಮೇವಿನ ಮೂರರಲ್ಲೊಂದು ಪಾಲನ್ನು ಮೀರದಿರಲಿ. ಉಳಿದುದು ಹುಲ್ಲು, ಕಣಿಕೆ, ಹೊಟ್ಟು ಆಗಿರಲಿ.

ಎರಡು: ಹೊಸ ಸೊಪ್ಪನ್ನು ಮೊದಲ ದಿನವೇ ಹೊರೆಗಟ್ಟಲೆ ಹಾಕಬಾರದು. ಹಿಡಿಯಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಏರಿಸುತ್ತ ಹೋಗಬೇಕು. ಹೊಟ್ಟೆಯೊಳಗಿನ ಸಮುದಾಯಕ್ಕೆ ಆ ಅವಧಿ ಅಗತ್ಯ.

ಮೂರು: ಹಸಿದು ಬಂದ ಪ್ರಾಣಿಗೆ ಮೊದಲು ಒಣಮೇವು, ಆಮೇಲೆ ಸೊಪ್ಪು. ಹಸಿದ ಹೊಟ್ಟೆಯಲ್ಲಿ ಪ್ರಾಣಿಯು ಆರಿಸಿ ತಿನ್ನುವ ವಿವೇಕವನ್ನು ಕಳೆದುಕೊಳ್ಳುತ್ತದೆ. ಕುಡಿಯುವ ನೀರು ಸದಾ ಸಿಗುವಂತಿರಲಿ.

ನಾಲ್ಕು: ಸೊಪ್ಪನ್ನು ಬಿಸಿಲಿನಲ್ಲಿ ಒಣಗಿಸಿ ಕೊಟ್ಟರೆ ಟ್ಯಾನಿನ್ನಿನ ತೀವ್ರತೆ ಸಾಮಾನ್ಯವಾಗಿ ತಗ್ಗುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತುವನ್ನು ಬೆರೆಸಿದರೆ ಅದು ಪ್ರೋಟೀನಿನ ಬದಲು ತಾನೇ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ಆದರೆ ಅದರ ಖರ್ಚು ಸಣ್ಣ ರೈತನಿಗೆ ಹೊರೆ. ಬೇರೆ ಮೇವಿನೊಡನೆ ಬೆರೆಸುವುದೇ ಸುಲಭ ಮಾರ್ಗ.

ಐದು: ಆಡಿಗೆ ದಕ್ಕಿದುದು ಹಸುವಿಗೂ ಕುರಿಗೂ ದಕ್ಕುತ್ತದೆಂದು ಭಾವಿಸಬಾರದು. ಪೀಳಿಗೆಗಳಿಂದ ಎಲೆಯನ್ನೇ ಮೇಯ್ದ ಹಿಂಡಿನ ಹೊಟ್ಟೆ ಬೇರೆ, ಹುಲ್ಲನ್ನೇ ತಿಂದ ದನದ ಹೊಟ್ಟೆ ಬೇರೆ.

ಆರು: ಮೇವು ಬಿಟ್ಟು ಮಂಕಾಗಿ ನಿಲ್ಲುವುದು, ಮಲಬದ್ಧತೆಯ ಬಳಿಕ ಕಪ್ಪು ಅಥವಾ ರಕ್ತಮಿಶ್ರಿತ ಭೇದಿ, ಮೆಲುಕು ನಿಲ್ಲುವುದು ಕಂಡರೆ ಆ ಸೊಪ್ಪನ್ನು ಕೂಡಲೇ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962ಕ್ಕೆ ಕರೆಮಾಡಬಹುದು.

ಕುರಿಗಾಹಿಯ ಅರಿವು, ಗೋಮಾಳದ ಉಳಿವು

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿದ್ದವು. ಅವುಗಳಲ್ಲಿ ಬಹುಪಾಲು ಬಯಲಿನಲ್ಲಿ ಮೇಯ್ದೇ ಬದುಕುವಂಥವು. ಹಿಂಡನ್ನು ಒಂದೇ ಕಡೆ ನಿಲ್ಲಗೊಡದೆ ನಡೆಸುತ್ತ, ಬೆಳಗಿನಲ್ಲಿ ಹುಲ್ಲನ್ನು ಮೇಯಿಸಿ, ಬಿಸಿಲೇರಿದಾಗ ಜಾಲಿಯ ಕೊಂಬೆಯನ್ನು ಬಗ್ಗಿಸಿ ನಾಲ್ಕು ಬಾಯಿ ಸೊಪ್ಪು ತಿನ್ನಿಸಿ, ಮತ್ತೆ ಮುಂದಕ್ಕೆ ಹೊಡೆಯುವ ಕುರಿಗಾಹಿಯು ಶೇಕಡಾವಾರು ಲೆಕ್ಕವನ್ನು ಹಾಕಿದವನಲ್ಲ. ಆದರೂ ಅವನ ನಡೆಯಲ್ಲಿ ಆ ಲೆಕ್ಕವಿದೆ. ಪ್ರಾಣಿಗಳಲ್ಲಿಯೂ ಅದು ಇದೆ. ಅಮೆರಿಕದ ಯೂಟಾ ಪ್ರಾಂತದಲ್ಲಿ ಫ್ರೆಡ್ ಪ್ರೊವೆನ್ಜಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಆಡುಗಳು ಪೊದೆಯೊಂದರ ಟ್ಯಾನಿನ್ ತುಂಬಿದ ಹೊಸ ಚಿಗುರನ್ನು ಬಿಟ್ಟು ಹಳೆಯ ಕೊಂಬೆಗಳನ್ನು ಆರಿಸಿಕೊಳ್ಳಲು ತಮ್ಮ ಅನುಭವದಿಂದಲೇ ಕಲಿತುದು ಕಂಡುಬಂದಿತು. ಆಯ್ಕೆಗೆ ಅವಕಾಶವಿದ್ದಾಗ ಪ್ರಾಣಿಯೂ ಹದವನ್ನು ಅರಿಯುತ್ತದೆ.

ಆಯ್ಕೆಗೆ ಅವಕಾಶವಿರಬೇಕಾದರೆ ಬಗೆಬಗೆಯ ಹುಲ್ಲು, ಪೊದೆ, ಮರಗಳಿರುವ ನೆಲವಿರಬೇಕು. ನಮ್ಮ ಹಿರಿಯರು ಪ್ರತಿ ಊರಿಗೂ ಗೋಮಾಳವನ್ನು ಬಿಟ್ಟಿದ್ದರು. ಗೋಮಾಳ ಒತ್ತುವರಿಯಾಗಿ, ಬದುವಿನ ಬನ್ನಿ ಬೋರೆಗಳು ಕೊಡಲಿಗೆ ಬಿದ್ದು, ಉಳಿದ ಒಂದೆರಡು ಜಾತಿಯ ಮರಗಳ ಮೇಲೆಯೇ ಹಿಂಡುಗಳೆಲ್ಲ ಬಿದ್ದಾಗ ಅಮೃತವಾಗಬೇಕಾಗಿದ್ದ ಒಗರು ವಿಷವಾಗುತ್ತದೆ. ಆಗ ತಪ್ಪು ಮರದ್ದೂ ಅಲ್ಲ, ಆಡಿನದೂ ಅಲ್ಲ. ಹದ ತಪ್ಪಿದುದು ನಮ್ಮ ನೆಲದ ಬಳಕೆಯಲ್ಲಿ. ಆದುದರಿಂದ ಭಕ್ತರಲ್ಲಿ ನಮ್ಮ ಅರಿಕೆ ಇಷ್ಟೇ: ಹೊಲದ ಬದುವಿನಲ್ಲಿ ಬನ್ನಿ, ಬೋರೆ, ಹುಣಸೆ, ಜಾಲಿಗಳನ್ನು ಬೆರಕೆಯಾಗಿ ಬೆಳೆಯಗೊಡಿರಿ, ಊರಿನ ಗೋಮಾಳವನ್ನು ಊರವರೇ ಕೂಡಿ ಕಾಯ್ದುಕೊಳ್ಳಿರಿ, ಹಿಂಡಿನ ಹಿಂದೆ ನಡೆದು ಬಾಳು ಸವೆಸಿದ ಹಿರಿಯ ಕುರಿಗಾಹಿಗಳನ್ನು ಕೂಡಿಸಿಕೊಂಡು ಯಾವ ಸೊಪ್ಪು, ಯಾವ ಕಾಲ, ಎಷ್ಟು ಎಂಬುದನ್ನು ಮಕ್ಕಳಿಗೆ ಹೇಳಿಸಿರಿ. ಪ್ರಯೋಗಾಲಯವು ಇಂದು ಅಳೆದು ಹೇಳುತ್ತಿರುವುದನ್ನು ಆ ಕಾಯಕಜೀವಿಗಳು ನಡೆದು ತಿಳಿದಿದ್ದಾರೆ. ಈ ಎರಡು ಅರಿವುಗಳೂ ಕೂಡಿದರೆ ಮುಂದಿನ ಬರದಲ್ಲಿ ಅನೇಕ ಕೊಟ್ಟಿಗೆಗಳು ಬರಿದಾಗದೆ ಉಳಿಯುತ್ತವೆ.